ಬಿಳಿ ಬಟ್ಟೆಯ ಕೆರೆ

ಒಗೆದು ಹುಲ್ಲಿನ ಮೇಲೆ ಹರವಿದ್ದ ದೊಡ್ಡಮನೆಯ ಹಾಸುಬಟ್ಟೆಯ ನಟ್ಟನಡುವೆ, ಕೆಸರು ಮೆತ್ತಿದ ಬೂಟುಗಾಲಲ್ಲಿ ಒಬ್ಬ ಗಂಡಸು ನಿಂತಿದ್ದ. ದೃಷ್ಟಿ ಎದುರಿನ ಗುಡ್ಡದ ಮೇಲೆ, ತುಟಿಯಲ್ಲಿ ಸಿಳ್ಳು.

"ರೀ ಸ್ವಾಮಿ! ಕಾಲ ಕೆಳಗೆ ನೋಡಿ ನಡೆಯೋ ಅಭ್ಯಾಸ ಇಲ್ವಾ ನಿಮಗೆ?" ಡಾರ್ಕಸ್ ತೊರೆಯಿಂದಲೇ ಕೂಗಿದಳು.

ಅವನು ಬಗ್ಗಿ ನೋಡಿದ, ಗಾಬರಿಯಾದ, ಒಂದೇ ನೆಗೆತಕ್ಕೆ ಪಕ್ಕದ ಹಾಸುಬಟ್ಟೆಯ ಮೇಲೆ ಹಾರಿದ.

"ಅದೊಂದು ಉಳಿದಿತ್ತು. ಅದನ್ನೂ ತುಳಿದ್ರಿ!"

"ತಪ್ಪಾಯ್ತು. ಮಣ್ಣು ನೋಡೋದೇ ನನ್ನ ಕೆಲಸ."

"ಹಾಗಾದ್ರೆ ಚೆನ್ನಾಗಿ ನೋಡ್ಕೊಳ್ಳಿ, ಎಲ್ಲಾ ನನ್ನ ಬಟ್ಟೆ ಮೇಲೇ ಇದೆ."

ಅವನು ನಕ್ಕುಬಿಟ್ಟ. ಕೋಟು ಬಿಚ್ಚಿ, ತೋಳು ಮಡಚಿ, ತಾನೇ ಒಗೆಯುತ್ತೇನೆಂದು ತೊರೆಗಿಳಿದ. ಒಗೆದದ್ದಕ್ಕಿಂತ ನೆನೆದದ್ದೇ ಹೆಚ್ಚು. ಡಾರ್ಕಸ್ ಸಿಟ್ಟನ್ನು ಬಲು ಹೊತ್ತು ಕಾಪಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಅವನ ಹೆಸರು ಆಂಬ್ರೋಸ್ ವಿಟ್ಲೋ. ದೊಡ್ಡಮನೆಯ ಸರ್ ಲಯನೆಲ್ ಹೊಸ ಉದ್ಯಾನಕ್ಕೆಂದು ಕರೆಸಿಕೊಂಡವನು. ಕತ್ತರಿಸಿದ ಬೇಲಿ, ನೆಟ್ಟಗಿನ ದಾರಿ ಇದ್ದ ಹಳೇ ತೋಟಗಳು ಆಗ ಶ್ರೀಮಂತರಿಗೆ ಬೇಸರ ತಂದಿದ್ದವು. ಇವನು ಗುಡ್ಡ ತಗ್ಗಿಸಿ, ತೋಪು ಎಬ್ಬಿಸಿ, ಎಲ್ಲ ತಾನಾಗಿಯೇ ಹುಟ್ಟಿದ್ದೆನ್ನುವಂತೆ ಮಾಡಿಕೊಡುತ್ತಿದ್ದ.

"ದೇವರು ಅರ್ಧಕ್ಕೆ ಬಿಟ್ಟಿದ್ದನ್ನ ಇವನು ಮುಗಿಸ್ತಾನಂತೆ," ಎಂದು ಕೆಜಿಯಾ ಚಿಕ್ಕಮ್ಮ ಮೂಗು ಮುರಿದಳು. ತಾಯಿಯಿಲ್ಲದ ಡಾರ್ಕಸ್‌ಳನ್ನು ಸಾಕಿದವಳು ಅವಳೇ. ಆದರೂ ಅವನು ಬಂದಾಗಲೆಲ್ಲ ರೊಟ್ಟಿಯ ದೊಡ್ಡ ತುಂಡು ಅವನ ತಟ್ಟೆಗೇ ಬೀಳುತ್ತಿತ್ತು.

ವಸಂತವಿಡೀ ಇಬ್ಬರೂ ಕಣಿವೆ ಸುತ್ತಿದರು. ಚಳಿಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲೂ ಒರತೆ ಎಲ್ಲಿ ಜಿನುಗುತ್ತದೆ ಎಂದೆಲ್ಲ ಅವಳು ತೋರಿಸುವಳು. ಅವನು ಅವಳ ಕೆನ್ನೆಗೆ ಜಾರಿದ ಕೂದಲನ್ನೇ ನೋಡುತ್ತ ಕೇಳುವನು.

"ನೀನು ಮಾತಾಡಿದ್ರೆ ನೀರು ಹರಿದ ಹಾಗಿರುತ್ತೆ."

"ಬಟ್ಟೆ ಒಗೆಯೋಳ ಬಾಯಲ್ಲಿ ಇನ್ನೇನು ಹರಿಯುತ್ತೆ, ಜೇನಾ?"

"ನೋಡ್ಲಾ?" ಎಂದು ಅವನು ಬಾಗಿದ. ಅವಳು ಓಡಲಿಲ್ಲ.

ಅವಳ ಮಾತನ್ನು ಅಷ್ಟು ಗಮನವಿಟ್ಟು ಕೇಳಿದ ಗಂಡಸು ಊರಲ್ಲಿ ಇನ್ನೊಬ್ಬನಿರಲಿಲ್ಲ. ಮರುಳಾಗಲು ಅವಳಿಗೆ ಅಷ್ಟೇ ಸಾಕಾಯಿತು.

ಮೇ ತಿಂಗಳಲ್ಲಿ ಪಾದ್ರಿ ಚರ್ಚಿನಲ್ಲಿ ಇಬ್ಬರ ಹೆಸರು ಓದಿದರು. ಮೂರು ಭಾನುವಾರ ಓದಬೇಕು, ಯಾರದೂ ತಕರಾರಿಲ್ಲದಿದ್ದರೆ ಮದುವೆ. ಎರಡು ಭಾನುವಾರ ಸುಖವಾಗಿ ಕಳೆದವು. ಮೂರನೆಯದರ ಹಿಂದಿನ ದಿನ ಆಂಬ್ರೋಸ್ ಒಂದು ಉಪಕಾರ ಕೇಳಿದ.

"ಊರಲ್ಲಿರೋ ಹಾಸುಬಟ್ಟೆ ಎಲ್ಲಾ ಬೇಕು, ಡಾರ್ಕಿ. ನಾನು ನೆಟ್ಟಿರೋ ಗೂಟಗಳ ಒಳಗೆ ಹಾಸಿಸ್ಬೇಕು. ದೊಡ್ಡಮನೆ ಕಿಟಕಿಯಿಂದ ಸರ್ ಲಯನೆಲ್ ನೋಡ್ತಾರೆ."

"ಏನ್ ನೋಡ್ತಾರೆ, ನಮ್ಮೂರ ತೇಪೆಗಳನ್ನಾ?"

"ಬೆಳಕು ಹೇಗೆ ಬೀಳುತ್ತೆ ಅಂತ." ಹೇಳುವಾಗ ಅವನು ಮುಖ ಬೇರೆಡೆ ತಿರುಗಿಸಿದ. ನಾಳೆಯ ನಾಚಿಕೆ ಇರಬೇಕು ಎಂದುಕೊಂಡಳು ಹುಚ್ಚಿ.

ಮನೆಮನೆಗೆ ಹೋಗಿ ಕೇಳಿದಳು. ಅವಳ ಮುಖ ನೋಡಿ ಯಾರೂ ಇಲ್ಲವೆನ್ನಲಿಲ್ಲ.

"ನನ್ನ ಹಾಸಿನ ತೂತು ದೊರೆಗೆ ಕಂಡ್ರೆ ಮಾನ ಹೋಗುತ್ತಲ್ಲೇ!" ಎಂದಳು ಚಿಕ್ಕಮ್ಮ.

"ಕಂಡ್ರೆ ಒಳ್ಳೇದೇ, ಹೊಸದು ಕೊಡಿಸ್ತಾರೆ!"

ಹುಲ್ಲಿನ ಮೇಲೆ, ಓಣಿಗಳಲ್ಲಿ, ಕೋಸಿನ ಮಡಿಗಳ ಮೇಲೆ ಹೆಂಗಸರು ನಗುನಗುತ್ತ ಬಟ್ಟೆ ಹಾಸಿದರು. ಕೆಳಗೆ ನಿಂತವರಿಗೆ ಅವರವರ ಅಂಗಳ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅದೇ ಹೊತ್ತಿಗೆ ಡಾರ್ಕಸ್ ಇಸ್ತ್ರಿ ಮಾಡಿದ ಮೇಜುಬಟ್ಟೆ ಒಪ್ಪಿಸಲು ದೊಡ್ಡಮನೆಗೆ ಹೋದಳು. ಮಹಡಿಯ ಊಟದ ಕೋಣೆಯಲ್ಲಿ ಬುಟ್ಟಿ ಇಳಿಸಿ, ಕಿಟಕಿಯಾಚೆ ಕಣ್ಣು ಹಾಯಿಸಿದಳು.

ಕಣಿವೆಯಲ್ಲಿ ಕೆರೆಯೊಂದು ಮಲಗಿತ್ತು. ಬೆಳ್ಳಗೆ, ಬಳುಕಿಕೊಂಡು, ಬಿಸಿಲಿಗೆ ಹೊಳೆಯುತ್ತ. ಎಂಥ ಚೆಂದದ ಕೆರೆ! ಒಂದು ಗಳಿಗೆ ಅವಳಿಗೆ ಅವನ ಬಗ್ಗೆ ಹೆಮ್ಮೆಯೇ ಆಯಿತು.

ಆಮೇಲೆ ಕೆರೆಯ ನಡುವೆ ಹೊಗೆಯಾಡುವ ಚಿಮಣಿ ಕಂಡಿತು. ಅದು ಅವಳ ಮನೆಯದು. ಅದರಾಚೆ ರೊಟ್ಟಿಯಂಗಡಿಯದು, ಕಮ್ಮಾರನದು, ಉಳಿದವರದು. ದಿಬ್ಬದ ಮೇಲಿನ ಚರ್ಚು ಬಿಟ್ಟರೆ ಊರಿಗೆ ಊರೇ ಆ ಹಾಸುಬಟ್ಟೆಗಳ ಬಿಳಿಯೊಳಗಿತ್ತು.

ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. "ಆ ಗುಡಿಸಲುಗಳು?" ಎಂದರು ಸರ್ ಲಯನೆಲ್.

"ಕೆರೆಗೆ ನೀರು ಬಿಡೋ ಮೊದಲು, ಚಳಿಗಾಲದೊಳಗೆ ಕೆಡವಿಸ್ತೀನಿ, ಸರ್. ನಿಮ್ಮ ಜಾಗ, ನಿಮ್ಮಿಷ್ಟ." ಅದು ಆಂಬ್ರೋಸನ ದನಿ. ಅವಳ ಕಿವಿಯ ಬಳಿ ಪಿಸುಗುಟ್ಟುತ್ತಿದ್ದ ಅದೇ ದನಿ.

ಹಿತ್ತಲ ಬಾಗಿಲಲ್ಲಿ ಅವನನ್ನು ಅಡ್ಡಗಟ್ಟಿದಳು. "ನನ್ನ ಮನೆ ನೀರಲ್ಲಿದೆ."

ಅವನು ಬಾಗಿಲು ಎಳೆದುಕೊಂಡು ಹತ್ತಿರ ಬಂದ. "ಡಾರ್ಕಿ, ಕೇಳಿಲ್ಲಿ. ಗುಡ್ಡದ ಮೇಲೆ ನಮ್ಮಿಬ್ಬರಿಗೆ ಒಂದು ಮನೆ ಕೇಳಿದ್ದೀನಿ, ಕೊಡ್ತೀನಿ ಅಂದಿದ್ದಾರೆ. ನಿನ್ನನ್ನ ಕೈಬಿಡ್ತೀನಾ ನಾನು?"

"ಚಿಕ್ಕಮ್ಮಂಗೆ? ಊರೋರಿಗೆ?"

ಅವನು ಬೂಟಿನ ಕೆಸರನ್ನು ಮೆಟ್ಟಿಲಿಗೆ ಒರೆಸತೊಡಗಿದ.

"ನಿಂಗ್ಯಾವಾಗಿಂದ ಗೊತ್ತಿತ್ತು?"

"ನಿನ್ನ ಬಟ್ಟೆ ತುಳಿದ ದಿನ ಅದನ್ನೇ ಅಳೀತಿದ್ದೆ."

"ನೀರು ನಿಲ್ಲೋ ಜಾಗ, ಒರತೆ... ನಾನು ಪ್ರೀತಿಗೆ ಹೇಳ್ದೆ ಕಣೋ. ನೀನು ಕೆಲಸಕ್ಕೆ ಕೇಳ್ದೆ."

"ಎರಡಕ್ಕೂ ಕೇಳ್ದೆ. ಪ್ರೀತಿ ಸುಳ್ಳಲ್ಲ, ಆಣೆ ಮಾಡ್ತೀನಿ." ಅದು ನಿಜವೆಂದು ಅವಳಿಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. "ಮದುವೆ ಆಗೋವರೆಗೆ ಬಾಯಿ ಬಿಡ್ಬೇಡ. ಈಗಲೇ ಊರಿಗೆ ತಿಳಿದ್ರೆ ಗಲಾಟೆ ಆಗುತ್ತೆ. ನನ್ನ ಕೆಲಸ ಹೋಗುತ್ತೆ, ನಮ್ಮ ಮನೆನೂ ಹೋಗುತ್ತೆ. ಆಮೇಲೆ ನಾನೇ ಹೇಳ್ತೀನಿ."

ಊರಿಗೆ ಮರಳಿದಾಗ ಹೆಂಗಸರು ಬಟ್ಟೆ ಮಡಚುತ್ತಿದ್ದರು. "ಏನೇ, ದೊರೆಗೆ ಹಿಡಿಸ್ತಂತಾ?" ಎಂದು ಚಿಕ್ಕಮ್ಮ ಕೇಳಿದಳು. "ಬಹಳ ಹಿಡಿಸ್ತು," ಎಂದಳು ಡಾರ್ಕಸ್. ಒಂದು ಹಾಸಿನ ತುದಿ ಹಿಡಿದು ತಾನೂ ಮಡಚತೊಡಗಿದಳು.

ಭಾನುವಾರ ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ ಸರ್ ಲಯನೆಲ್. ಪಕ್ಕದ ಬೆಂಚಿನಿಂದ ಆಂಬ್ರೋಸ್ ಅವಳತ್ತ ಬೇಡುವವನಂತೆ ನಕ್ಕ. ಇಷ್ಟಾದ ಮೇಲೂ ಆ ನಗುವಿಗೆ ಅವಳ ಮೈ ಬೆಚ್ಚಗಾಯಿತು. ತನ್ನ ಮೇಲೇ ಹೇಸಿಗೆಯಾಯಿತು.

ಪಾದ್ರಿ ಹೆಸರು ಓದಿದರು. "ಈ ಮದುವೆಗೆ ಯಾರದಾದರೂ ತಕರಾರು ಇದೆಯೇ?"

ಡಾರ್ಕಸ್ ಎದ್ದು ನಿಂತಳು. "ನಂದಿದೆ, ಸ್ವಾಮಿ."

"ನಿನ್ನ ಮದುವೆಗೆ ನೀನೇ ಅಡ್ಡಗಾಲಾ!" ಎಂದು ಹಿಂದಿನಿಂದ ಯಾರೋ ನಕ್ಕರು. ಪಾದ್ರಿ ನಗಲಿಲ್ಲ. "ಕಾರಣ ಏನಮ್ಮ?"

ಅವಳು ಆಂಬ್ರೋಸನ ಕಡೆ ತಿರುಗಿದಳು. "ನೀನೇ ಹೇಳು. ಈಗ, ಎಲ್ಲರೆದುರು. ನೀನು ಹೇಳಿದ್ರೆ ನಾನು ಸುಮ್ನೆ ಕೂತ್ಕೋತೀನಿ."

ಅವನು ಎದ್ದ. ಬಾಯಿ ತೆರೆದ. ಮುಂದಿನ ಸಾಲಿನಲ್ಲಿ ಸರ್ ಲಯನೆಲ್ ನಿಧಾನವಾಗಿ ಕತ್ತು ಹೊರಳಿಸಿದರು. ಆಂಬ್ರೋಸ್ ಆ ಮುಖ ನೋಡಿ, ಈ ಮುಖ ನೋಡಿ, ಕೂತುಬಿಟ್ಟ.

ಪಾದ್ರಿ ಕೆಮ್ಮಿದರು. ಆಗ ಡಾರ್ಕಸ್ ಅವನಿಗೆ ಬೆನ್ನು ಮಾಡಿ, ಚಿಕ್ಕಮ್ಮನ ಕೈ ಹಿಡಿದುಕೊಂಡಳು.

"ಚಿಕ್ಕಮ್ಮ, ನಿನ್ನೆ ನಾನು ನಿಮ್ಮ ಕೈಲಿ ಹಾಸಿಸಿದ್ದು ಕೆರೆ. ನಮ್ಮೂರು ಪೂರ್ತಿ ಅದರ ತಳದಲ್ಲಿದೆ."