ಬೀಗ ಹಾಕಿದ ಅಂಗಡಿಯ ಮುಂದೆ

ಚನ್ನರಾಯನದುರ್ಗದ ಗಾಡಿ ಕೊರಟಗೆರೆಯ ಆಸ್ಪತ್ರೆಯ ಮುಂದೆ ನಿಂತಾಗ ಕಾಂಪೌಂಡರ್ ನಾಗಲಿಂಗಯ್ಯನ ಮೂಗಿಗೆ ಮೊದಲು ಬಡಿದದ್ದು ಸಾರಾಯಿಯ ವಾಸನೆ. ಆಮೇಲೆ ಕಂಡದ್ದು, ಭತ್ತದ ಹುಲ್ಲಿನ ಮೇಲೆ ಕಂಬಳಿ ಹೊದಿಸಿ ಮಲಗಿಸಿದ್ದ ಹೆಣ. ದಸರೆ ಕಳೆದ ಮೇಲೆ ಹೊಡೆದಾಟದ ಹೆಣ ಒಂದೂ ಆ ಬಾಗಿಲಿಗೆ ಬಂದಿರಲಿಲ್ಲ.

ಮೊದಲು ಹಾಗಿರಲಿಲ್ಲ. ಸಂತೆಯ ಮರುದಿನ ಬಂತೆಂದರೆ ತಲೆ ಒಡೆದವರು, ಹೊಟ್ಟೆಗೆ ಚೂರಿ ಹಾಕಿಸಿಕೊಂಡವರು ಯಾರಾದರೊಬ್ಬರು ಬರಲೇಬೇಕು. ಡಾಕ್ಟರ್ ಪರ್ವತಯ್ಯನವರು ಕೊಯ್ದು, ಹೊಲಿದು, ವರದಿ ಬರೆದು ಸಾಕಾಗಿ ಈ ದಸರೆಯಲ್ಲಿ ತಾಲ್ಲೂಕಿನ ಅಮಲ್ದಾರರ ಮುಂದೆ ಹೋಗಿ ಕೂತಿದ್ದರು. “ಸಾರಾಯಿ ಅಂಗಡಿ ಎತ್ತಿಸಿ ಅನ್ನೋಲ್ಲ. ದೀಪ ಹಚ್ಚೋ ಹೊತ್ತಿಗೆ ಬೀಗ ಹಾಕಿಸಿ. ಇವರು ಒಬ್ಬರನ್ನೊಬ್ಬರು ಕೊಲ್ಲೋದೆಲ್ಲ ಕತ್ತಲಾದ ಮೇಲೇ.” ಒಂದು ವರ್ಷ ನೋಡೋಣವೆಂದು ಅಮಲ್ದಾರರು ಹುಕುಂ ಹೊರಡಿಸಿದರು. ಆವತ್ತಿನಿಂದ ಡಾಕ್ಟರ ಮೇಜು ಬಹುಮಟ್ಟಿಗೆ ಖಾಲಿ ಬಿದ್ದಿತ್ತು.

ಗಾಡಿಯಿಂದ ಇಳಿದವರು ಇಬ್ಬರು. ಒಬ್ಬ ಪೊಲೀಸ್ ದಫೇದಾರ ಮಹಾಲಿಂಗಯ್ಯ. ಇನ್ನೊಬ್ಬ ಸಾರಾಯಿ ಕಂಟ್ರಾಕ್ಟರ್ ರೇಣುಕಯ್ಯ.

“ನೋಡಿ ಡಾಕ್ಟ್ರೇ, ನಿಮ್ಮ ಹುಕುಮಿನ ಫಲ,” ಎಂದ ರೇಣುಕಯ್ಯ. “ನಮ್ಮ ಅಂಗಡಿ ಬಾಗಿಲಲ್ಲೇ ಬಿದ್ದಿದ್ದ. ಸತ್ತೋನು ಬೈರಪ್ಪ. ಹೊತ್ತು ಮುಳುಗೋಕೆ ಮುಂಚೆ ಬೀಗ ಜಡ್ದಿದ್ದೆ. ಕುಡಿಯೋರು ಎಲ್ಲಾದ್ರೂ ಕುಡೀತಾರೆ, ಹೊಡ್ಕಳ್ಳೋರು ಹೊಡ್ಕಂಡೇ ಸಾಯ್ತಾರೆ. ನಾಳೆ ಅಮಲ್ದಾರ್ರು ನಮ್ಮೂರಿಗೆ ಬರ್ತಾರೆ. ಹುಕುಂ ವಾಪಸ್ಸು ತಗೊಳ್ಳಿ ಅಂತ ಕೇಳ್ತೀನಿ.”

ಪರ್ವತಯ್ಯನವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಹೊಡೆದೋರು ಯಾರು?”

“ಸಂಜೀವಯ್ಯ ಅಂತ,” ಎಂದ ದಫೇದಾರ. “ಹೋದ ವರ್ಷ ಅಂಗಡೀಲಿ ಬೈರಪ್ಪನ ಕಿವಿ ಹರಿದಿದ್ದೋನು. ನೆನ್ನೆ ಸಂತೇಲೂ ಇಬ್ರಿಗೂ ಮಾತಾಗಿತ್ತು. ಹಿಡಿದು ಕೇಳಿದ್ರೆ ನೆಪ್ಪಿಲ್ಲ ಅಂತಾನೆ.”

ಹೆಣ ಪರೀಕ್ಷೆಯ ಕೋಣೆಯಲ್ಲಿ ಡಾಕ್ಟರು, ನಾಗಲಿಂಗಯ್ಯ ಇಬ್ಬರೇ ಉಳಿದರು. ಡಾಕ್ಟರು ಬೆರಳು ತೋರಿಸಿದರು, ನಾಗಲಿಂಗಯ್ಯ ನೋಡಿದ. ಅಂಗಿಯೂ ಕಂಬಳಿಯೂ ಸಾರಾಯಿಯಲ್ಲಿ ನೆನೆದಿದ್ದವು, ಆದರೆ ಬಾಯಲ್ಲಿ ವಾಸನೆಯಿರಲಿಲ್ಲ. ಹಿಂದಲೆಯ ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತದ ಒಳಗೆ ಏನೋ ನುಣ್ಣಗೆ ಅಂಟಿಕೊಂಡಿತ್ತು. ಡಾಕ್ಟರು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ರಾಗಿಯ ಹೊಟ್ಟು.

ಜಠರ ತೆರೆದಾಗ ಅಲ್ಲಿ ಸಾರಾಯಿಯ ಸುಳಿವಿರಲಿಲ್ಲ. ಇದ್ದದ್ದು ರಾಗಿಮುದ್ದೆ, ಜೊತೆಗೆ ಸಿಪ್ಪೆ ತೆಗೆದ ಬಿಳಿ ಅವರೆಬೇಳೆ. ಬೇಳೆ ಕಾಳುಕಾಳಾಗಿಯೇ ಇತ್ತು, ಕರಗಿರಲಿಲ್ಲ.

“ಉಂಡ ಕೈ ಒಣಗೋದರೊಳಗೆ ಸತ್ತಿದ್ದಾನೆ,” ಎಂದರು ಡಾಕ್ಟರು. “ಹೊರಡೋಣ ನಡೀರಿ ನಾಗಲಿಂಗಯ್ಯ.” ಎದ್ದು ನಿಲ್ಲುವಾಗ ಅವರ ಕೈ ಮೇಜಿನ ಅಂಚು ಹಿಡಿಯಿತು. ಇಷ್ಟು ವರ್ಷ ಇಂಥ ಸಾವುಗಳ ಹಿಂದೆ ಅವರ ಜೊತೆ ಚೀಲ ಹೊತ್ತು ತಿರುಗಿದ ನಾಗಲಿಂಗಯ್ಯನಿಗೆ, ಅವರು ಇಷ್ಟು ಮುದುಕರಾದದ್ದು ಯಾವಾಗ ಎಂದು ತಿಳಿಯಲಿಲ್ಲ.

ಬೈರಪ್ಪನ ಮನೆ ಚನ್ನರಾಯನದುರ್ಗದ ತುದಿಯಲ್ಲಿತ್ತು. ಅಣ್ಣ ರಂಗಯ್ಯ, ತಮ್ಮ ಬೈರಪ್ಪ, ಇಬ್ಬರ ಹೆಂಡಿರು. ಪಾಲಾಗದ ಒಟ್ಟು ಸಂಸಾರ. ಮನೆಯ ಹಿಂದಿನ ಕಣದಲ್ಲಿ ಆಳೊಬ್ಬ ಜೋಡೆತ್ತಿಗೆ ನೊಗ ಹೂಡಿ ರಾಗಿಯ ಮೇಲೆ ಗುಂಡುಕಲ್ಲು ಎಳೆಸುತ್ತಿದ್ದ. ಸಾವಾದ ಮನೆಯಲ್ಲೂ ಕಣ ನಿಲ್ಲುವಂತಿರಲಿಲ್ಲ, ಮೋಡ ಕಟ್ಟಿತ್ತು. ಎತ್ತುಗಳು ಗಟ್ಟಿಮುಟ್ಟಾಗಿದ್ದವು, ಹೆಗಲ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಡಾಕ್ಟರು ಅವುಗಳ ಮೈ ಸವರುತ್ತಾ ಸ್ವಲ್ಪ ಹೊತ್ತು ನಿಂತರು.

ರಂಗಯ್ಯ ಜಗುಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕುಡಿತದ ತಂಟೆಗೆ ಹೋಗದವನೆಂದು ಊರಲ್ಲಿ ಮರ್ಯಾದೆಯಿದ್ದ ಮನುಷ್ಯ.

“ಸಂತೆಗೋದೋನು ಬರ್ಲೇ ಇಲ್ಲ ಬುದ್ಧಿ. ಕಣದ ಕಾವಲಿಗೆ ನಾನೊಬ್ನೇ ಮಲಗಿದ್ದೆ. ಮತ್ತೆ ಕುಡ್ಯೋಕೆ ಹತ್ಕಂಡ್ನೇನೋ ಅಂದ್ಕಂಡೆ. ಬೆಳಗಾನ ಸುದ್ದಿ ಬಂತು.”

ಒಳಗೆ ಅವನ ಹೆಂಡತಿ ರಾಜಲಕ್ಷ್ಮಮ್ಮ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು. “ಮೈದುನಂಗೆ ಇಷ್ಟ ಅಂತ ನೆನ್ನೆ ಹಿತಕಿದ ಬೇಳೆ ಸಾರು ಮಾಡಿದ್ದೆ ಕಣಪ್ಪ. ಬುತ್ತಿ ಕಟ್ಟಿ ಕಣಕ್ಕೆ ಕಳಿಸ್ದೆ. ಅವ್ರು ಬರ್ಲಿಲ್ವಂತೆ. ಪಾಪ, ಇವ್ರೇ ಎಲ್ಲಾ ಉಂಡ್ರಂತೆ.”

ಬೈರಪ್ಪನ ಹೆಂಡತಿ ಅಶ್ವತ್ಥಮ್ಮ ತಂಗಿಯ ಬಾಣಂತನಕ್ಕೆಂದು ಪುಟ್ಟ ಮಗಳೊಂದಿಗೆ ಪಕ್ಕದ ಹಳ್ಳಿಗೆ ಹೋಗಿದ್ದವಳು ಆಗತಾನೇ ಬಂದಿದ್ದಳು. ಅತ್ತೂ ಅತ್ತೂ ಅವಳ ಕಣ್ಣೀರು ಬತ್ತಿತ್ತು.

“ದಸರೆ ಆದ್ಮೇಲೆ ಕುಡಿಯೋದು ಬುಟ್ಬುಟ್ಟಿದ್ರು,” ಎಂದಳು. “ಗೇಮೆ ಮುಗಿಸಿ ಹೋಗೋ ಹೊತ್ಗೆ ಅಂಗಡಿ ಮುಚ್ಚಿರೋದು. ನಾಕು ದಿನ ಒದ್ದಾಡುದ್ರು, ಆಮೇಲೆ ಮನೇಲೇ ಇದ್ರು. ಮುಂಚೆ ಹೊತ್ತು ಇಳೀತಿದ್ದಂಗೆ ನಮ್ಮ ಭಾವ್ನೋರೇ ಅಂಗಡೀಗೆ ಹೋಗ್ಬಾರ್ಲಾ ಅಂತ ಕಳಿಸೋರು. ಈಗ ಇವ್ರೇ ಹೋಗ್ತಿರ್ಲಿಲ್ಲ. ರಾಗಿ ಒಳಗೆ ಬಂದ್ಮೇಲೆ ಪಾಲು ಕೇಳ್ತೀನಿ ಕಣೆ, ಕೆರೆ ಕೆಳಗಿನ ಗದ್ದೇಲಿ ನಾವೇ ನಾಟಿ ಹಾಕಣ ಅಂತಿದ್ರು.”

ಹಿಂತಿರುಗುವ ದಾರಿಯಲ್ಲಿ ಡಾಕ್ಟರು ಅಂಗಡಿಯ ಹತ್ತಿರ ನಿಂತು ರೇಣುಕಯ್ಯನನ್ನು ಒಂದೇ ಮಾತು ಕೇಳಿದರು. “ನಿನ್ನೆ ಯಾರಿಗಾದರೂ ಬಾಟ್ಲಿಯಲ್ಲಿ ಹೊರಗಡೆ ಕೊಟ್ರಾ?”

“ಕೊಡೋ ಹಂಗಿಲ್ವಲ್ಲ. ಕುಡಿಯೋರು ಒಳಗೇ ಕುಡೀಬೇಕು. ರಂಗಯ್ಯನೋರಿಗೆ ಮಾತ್ರ ಒಂದು ಕೊಟ್ಟೆ, ಎತ್ತಿನ ಹೆಗಲು ಬಾತಿದೆ, ಉಜ್ಜೋಕೆ ಬೇಕು ಅಂದ್ರು. ಅವ್ರು ಕುಡಿಯೋರಲ್ಲವಲ್ಲ.”

ಮರುದಿನ ಅಮಲ್ದಾರರು ಊರಿಗೆ ಬಂದರು. ಚಾವಡಿಯಲ್ಲಿ ಎಲ್ಲರೂ ಸೇರಿದರು. ಕೈಗೆ ಬೇಡಿ ಹಾಕಿದ್ದ ಸಂಜೀವಯ್ಯ ಗೋಡೆಗೊರಗಿ ಕೂತಿದ್ದ.

“ನೀನು ಹೊಡೆದೆಯಾ?” ಎಂದು ಅಮಲ್ದಾರರು ಕೇಳಿದರು.

“ಹೊಡ್ದಿರ್ಬೋದು ಸ್ವಾಮಿ,” ಎಂದ ಅವನು. “ಸಂತೇಲಿ ಮಧ್ಯಾಹ್ನದಿಂದ್ಲೇ ಕುಡ್ದಿದ್ದೆ. ಎಲ್ಲಿ ಮಲಗಿದ್ನೋ ನೆಪ್ಪಿಲ್ಲ. ಹೋದ್ಸಲ ಕಿವಿ ಹರ್ದಿದ್ದೂ ನಂಗೆ ಮಾರ್ನೆ ದಿನಾನೇ ಗೊತ್ತಾಗಿದ್ದು. ಎಲ್ರೂ ನಾನೇ ಅಂತಾವ್ರೆ. ಇದ್ರೂ ಇರ್ಬೋದು.”

ಅವನ ಮಾತಿನಲ್ಲಿ ಜಗಳವಿರಲಿಲ್ಲ, ಭಯವೂ ಇರಲಿಲ್ಲ. ನಾಗಲಿಂಗಯ್ಯನಿಗೆ ಅದೇ ತಡೆಯಲಾರದ ಸಂಕಟವಾಯಿತು.

ಪರ್ವತಯ್ಯನವರು ಕೂತಲ್ಲಿಂದಲೇ ಮಾತು ತೆಗೆದರು. “ಇವನು ಹೊಡೆದಿಲ್ಲ. ಬೈರಪ್ಪ ಆ ದಿನ ಒಂದು ತೊಟ್ಟೂ ಕುಡಿದಿರಲಿಲ್ಲ. ಸಾರಾಯಿ ಬಟ್ಟೆಯಲ್ಲಿತ್ತು, ಹೊಟ್ಟೆಯಲ್ಲಿರಲಿಲ್ಲ. ಸತ್ತ ಮೇಲೆ ಯಾರೋ ಸುರಿದಿದ್ದಾರೆ.”

“ಹುಕುಂ ಉಳಿಸ್ಕೊಳ್ಳೋಕೆ ಕತೆ ಕಟ್ತಾವ್ರೆ,” ಎಂದ ರೇಣುಕಯ್ಯ.

“ಆಗಲಿ, ಪೂರ್ತಿ ಕೇಳಿ. ಕುಡುಕರ ಹೊಡೆದಾಟ ಅನ್ನಿಸಬೇಕು ಅಂತಲೇ ಹೆಣ ಅಂಗಡಿ ಮುಂದೆ ಬಂತು. ಅಲ್ಲಿ ಬಿದ್ದ ಹೆಣವನ್ನು ಯಾರೂ ಎರಡನೇ ಸಲ ನೋಡೋದಿಲ್ಲ. ಆದರೆ ಏಟು ಬಿದ್ದದ್ದು ಅಲ್ಲಿ ಅಲ್ಲ. ಗಾಯದ ರಕ್ತದೊಳಗೆ ರಾಗಿ ಹೊಟ್ಟಿತ್ತು. ಆಸ್ಪತ್ರೆಗೆ ತಂದ ಗಾಡೀಲಿ ಹಾಸಿದ್ದು ಭತ್ತದ ಹುಲ್ಲು. ಅಂಗಡಿ ಮುಂದೆ ಬರೀ ಕಲ್ಲುನೆಲ. ಅವನು ಬಿದ್ದದ್ದು ರಾಗಿ ಕಣದಲ್ಲಿ.”

“ಊರಲ್ಲಿ ಎಲ್ಲರಿಗೂ ಕಣ ಇದೆ,” ಎಂದರು ಅಮಲ್ದಾರರು.

“ನಿಜ. ಆದರೆ ಅವನು ಸಾಯೋ ಮುಂಚೆ ಹಿತಕಿದ ಬೇಳೆ ಸಾರಲ್ಲಿ ಮುದ್ದೆ ಉಂಡಿದ್ದ. ಬೇಳೆ ಕರಗೋಕೂ ಹೊತ್ತಾಗಿರಲಿಲ್ಲ. ಆ ಸಾರು ಅವನ ಅತ್ತಿಗೆ ಮಾಡಿ ಕಣಕ್ಕೆ ಕಳಿಸಿದ್ದು. ಕಣದಲ್ಲಿದ್ದೋರು ತಮ್ಮ ಬರಲೇ ಇಲ್ಲ ಅಂತಾರೆ. ಬರದೇ ಇದ್ದೋನ ಹೊಟ್ಟೆಗೆ ಬುತ್ತಿ ಹೇಗೆ ಹೋಯಿತು?” ಡಾಕ್ಟರು ಉಸಿರು ತೆಗೆದುಕೊಂಡರು. “ಇನ್ನು ಸಾರಾಯಿ. ಆವತ್ತು ಅಂಗಡಿ ಬಿಟ್ಟು ಹೊರಗೆ ಹೋದ ಬಾಟ್ಲಿ ಒಂದೇ, ಬಾತ ಹೆಗಲಿಗೆ ಅಂತ. ಹೆಗಲು ಬಾತ ಎತ್ತಿಗೆ ಮಾರನೇ ದಿನ ಯಾರೂ ನೊಗ ಹಾಕೋಲ್ಲ. ನಾನು ಮುಟ್ಟಿ ನೋಡಿದೆ ರಂಗಯ್ಯ. ನಿಮ್ಮ ಎತ್ತುಗಳಿಗೆ ಏನೂ ಆಗಿಲ್ಲ.”

ರಂಗಯ್ಯ ತನ್ನ ಅಂಗೈಗಳನ್ನು ನೋಡಿಕೊಂಡ.

“ಹತ್ತು ವರ್ಸ ಒಬ್ನೇ ಗೇದೆ ಬುದ್ಧಿ,” ಎಂದ. “ನಾನು ಉತ್ತೆ, ನಾನು ಬಿತ್ತಿದೆ. ಅವ್ನು ಕುಡ್ದು ಬಿದ್ದಿರ್ತಿದ್ದ. ಬಿದ್ದಿರ್ಲಿ ಅಂತ ನಾನೇ ಕಳಿಸ್ತಿದ್ದೆ, ಸುಳ್ಳು ಹೇಳಾಕಿಲ್ಲ. ನಾಕು ದಿನ ನೆಟ್ಟಗಿದ್ದು ಬಂದು ಕೆರೆ ಕೆಳಗಿಂದು ಅರ್ಧ ಕೊಡು ಅಂತಿದ್ದ. ಆವತ್ತು ಬಾಟ್ಲಿ ಮುಂಚೇನೇ ತಂದು ಬಚ್ಚಿಟ್ಟಿದ್ದೆ. ಇಬ್ರೂ ಕೂತು ಉಂಡ್ವಿ. ಕೈ ತೊಳಿಯಾಕೆ ಬಗ್ಗಿದ. ನೇಗಿಲ ಮೇಣಿ ಅಲ್ಲೇ ಬಿದ್ದಿತ್ತು.”

ದಫೇದಾರ ಎದ್ದು ಸಂಜೀವಯ್ಯನ ಬೇಡಿ ಬಿಚ್ಚಿ ರಂಗಯ್ಯನಿಗೆ ಹಾಕಿದ.

“ಹಂಗಾದ್ರೆ ಇನ್ನೂ ಚೆನ್ನಾಯ್ತು,” ಎಂದ ರೇಣುಕಯ್ಯ. “ನಿಮ್ಮ ಹುಕುಮಿನಿಂದ್ಲೇ ಸತ್ತ. ಅಂಗಡಿ ತೆಗೆದಿದ್ರೆ ಕುಡ್ಕೊಂಡು ಬದುಕಿರ್ತಿದ್ದ.”

ಆ ಮಾತು ಪರ್ವತಯ್ಯನವರನ್ನು ತಾಕಿತೆಂದು ನಾಗಲಿಂಗಯ್ಯನಿಗೆ ಗೊತ್ತಾಯಿತು. ಉತ್ತರ ಬಂದದ್ದು ಬಾಗಿಲ ಆಚೆ ನಿಂತಿದ್ದ ಅಶ್ವತ್ಥಮ್ಮನಿಂದ.

“ಅದನ್ನ ಬದುಕು ಅಂತೀರಾ ಸ್ವಾಮಿ? ಮದ್ವೆಯಾಗಿ ಇಷ್ಟು ವರ್ಸದಲ್ಲಿ ನಂಗೆ ಗಂಡ ಅಂತ ಇದ್ದಿದ್ದು ಈ ಸುಗ್ಗಿ ಒಂದೇ. ಮಗಳನ್ನ ಹೆಗಲ ಮೇಲೆ ಕೂರ್ಸ್ಕಂಡು ಕಣಕ್ಕೆ ಹೋಗೋರು. ಅಂಗಡೀನ ಮಾತ್ರ ಮತ್ತೆ ರಾತ್ರಿ ತೆಗೀಬ್ಯಾಡಿ. ಬ್ಯಾರೆ ಯಾರಿಗಾದ್ರೂ ನಾಕು ಸುಗ್ಗಿ ಸಿಗ್ಲಿ.”

ಅಮಲ್ದಾರರು ರುಮಾಲು ಸರಿಪಡಿಸಿಕೊಂಡು ಎದ್ದರು. “ಹುಕುಂ ಹಾಗೇ ಇರಲಿ,” ಎಂದರು.

ವಾಪಸ್ಸು ಹೊರಟಾಗ ಸಂಜೀವಯ್ಯ ಗಾಡಿಯ ಪಕ್ಕದಲ್ಲೇ ನಡೆದು ಬಂದ. “ನಾನಲ್ವಾ ಬುದ್ಧಿ? ಖಂಡಿತ ನಾನಲ್ವಾ?” ಎಂದು ಮತ್ತೆ ಮತ್ತೆ ಕೇಳಿದ. ಡಾಕ್ಟರು ಸರಿದು ಕೂತು ಜಾಗ ಮಾಡಿಕೊಟ್ಟರು. ಅವನ ಹಟ್ಟಿ ಅದೇ ದಾರಿಯಲ್ಲಿತ್ತು.

ಅಂಗಡಿ ಎದುರಾಯಿತು. ಇನ್ನೂ ಬಿಸಿಲಿತ್ತು, ಬಾಗಿಲು ತೆರೆದೇ ಇತ್ತು, ಒಳಗಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಸಂಜೀವಯ್ಯ ಗಾಡಿಯ ಗೂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಎತ್ತು ಸ್ವಲ್ಪ ಬಿರ್ರನೆ ಹೊಡಿಯಕ್ಕೆ ಹೇಳಿ ಬುದ್ಧಿ,” ಎಂದ.