ಮಡಚುಚೂರಿಗೆ ಕಟ್ಟಿದ ಗೊಂಡೆ

ಬೆಟ್ಟಗಳಿಗೆ ಇನ್ನೂ ಕಿವಿ ಇದ್ದ ಕಾಲವದು. ಆಗ ಪರಿಮಳಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ರಾಜನಿಂದ ಹಿಡಿದು ಹೂವಾಡಿಗನವರೆಗೆ ಎಲ್ಲರ ಸೊಂಟದಲ್ಲೂ ಒಂದೊಂದು ಮಡಚುಚೂರಿ. ಹೂ ಕೊಯ್ಯಲು ಅದೇ, ನಾರು ಸೀಳಲು ಅದೇ, ಮಾವಿನಹಣ್ಣು ಹೆಚ್ಚಲು ಅದೇ. ಕೆಲಸ ಮುಗಿದ ಮೇಲೆ ಅಲಗನ್ನು ಹಿಡಿಯೊಳಗೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರಾಯಿತು.

ಮಕ್ಕಳ ಚೂರಿಗೆ ಮಾತ್ರ ಒಂದು ದಾರ, ದಾರಕ್ಕೊಂದು ಗೊಂಡೆ. ಕೈ ಜಾರಿದರೂ ಚೂರಿ ನೆಲಕ್ಕೆ ಬೀಳದೆ ಮಣಿಕಟ್ಟಿನಲ್ಲಿ ನೇತಾಡಲಿ ಅಂತ. ಮದುವೆಯ ದಿನ ನೆಂಟರಿಷ್ಟರ ಮುಂದೆ ಆ ದಾರ ಕಡಿಯುವ ಶಾಸ್ತ್ರ ನಡೆಯುತ್ತಿತ್ತು. ದಾರ ಕಡಿದರೆ ದೊಡ್ಡವರಾದ ಹಾಗೆ. ಅದಾದ ಮೇಲೂ ಗೊಂಡೆ ಕಟ್ಟಿಕೊಂಡವರನ್ನು ಊರು ಸುಮ್ಮನೆ ಬಿಟ್ಟೀತೇ? "ಏನಪ್ಪಾ, ಇನ್ನೂ ತೊಟ್ಟಿಲಲ್ಲೇ ಮಲಗ್ತೀಯಾ?" ಅಂತ ಕಾಲೆಳೆಯುತ್ತಿದ್ದರು.

ಹೂವಾಡಿಗರ ಸುರಗಮ್ಮ ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. ತಲೆ ನೆರೆತಿದ್ದರೂ ಅವಳ ಚೂರಿಗೆ ಗೇಣುದ್ದದ ಕೆಂಪು ಗೊಂಡೆ. ಮಗ ಸಂಪಂಗಿಯ ಮದುವೆಯಾದ ಮಾರನೆಯ ದಿನವೇ ಅವನ ಚೂರಿಗೂ ಒಂದು ಕಟ್ಟಲು ಹೋದಳು.

"ಅಮ್ಮಾ, ಮಾನ ಹೋಗುತ್ತೆ, ಬಿಡಮ್ಮ" ಅಂದ ಸಂಪಂಗಿ.

"ಹೋದ ಮಾನ ತಿರುಗಿ ಬರುತ್ತೆ ಕಣೋ, ಹೋದ ಬೆರಳು ಬರುತ್ತಾ?"

ಬಾಗಿಲ ಮರೆಯಲ್ಲಿ ನಿಂತಿದ್ದ ಹೊಸ ಸೊಸೆ ದವನಿ ಕಿಸಕ್ಕನೆ ನಕ್ಕುಬಿಟ್ಟಳು. ಹೆಂಡತಿ ನಕ್ಕ ಮೇಲೆ ಯಾವ ಗಂಡ ಗೊಂಡೆ ಕಟ್ಟಿಕೊಂಡಾನು ಹೇಳಿ? ಬರೀ ಚೂರಿ ಸಿಕ್ಕಿಸಿಕೊಂಡು ಜಾರುಬೆಟ್ಟದ ಸಂಪಿಗೆ ಮರಕ್ಕೆ ಹೊರಟ. ದವನಿ ಬುಟ್ಟಿ ಹಿಡಿದು ಹಿಂದೆಯೇ ಹೋದಳು.

ಆ ಬೆಟ್ಟದ ಮೇಲೆ ಡೊಂಕಾಸುರ ಅಂತ ಒಬ್ಬ ಮಾಯಾವಿ ಇದ್ದ. 'ಬಿದ್ದದ್ದು ನಿಂತವರ ಸೊತ್ತು' ಅಂತ ಬೆಟ್ಟದ ಕಿವಿಯಲ್ಲಿ ಹೇಳಿ, ಅದರಿಂದ ಹೂಂಗುಟ್ಟಿಸಿಕೊಂಡಿದ್ದ. ಅಂದಿನಿಂದ ಅವನು ಕೂತಿದ್ದೇ ಇಲ್ಲ. ಊಟವೂ ನಿಂತೇ, ನಿದ್ದೆಯೂ ಕುದುರೆಯ ಹಾಗೆ ನಿಂತೇ. ಬೆಟ್ಟದಲ್ಲಿ ಯಾರೇ ಎಡವಿ ಬಿದ್ದರೂ ಅವರನ್ನು ಮರದ ಬೊಂಬೆ ಮಾಡಿ ತನ್ನ ಅಂಗಳದಲ್ಲಿ ಸಾಲಾಗಿ ಜೋಡಿಸಿಕೊಳ್ಳುತ್ತಿದ್ದ.

ಸಂಪಂಗಿ ಮರ ಹತ್ತಿದ. ದವನಿ ಬುಡದಲ್ಲಿ ಕೂತು ಹೂ ಕಟ್ಟತೊಡಗಿದಳು. ಕೊಂಬೆಯ ತುದಿಯಲ್ಲಿ ಚೂರಿ ಕೈಜಾರಿತು. ಅದನ್ನು ಹಿಡಿಯಲು ಕೈ ಚಾಚಿದವನು ಅದರ ಹಿಂದೆಯೇ ಧೊಪ್ಪನೆ ಬಿದ್ದ. ನೋವೇನೂ ಆಗಲಿಲ್ಲ, ಪಾಪ, ನಗುತ್ತಲೇ ಎದ್ದು ಕೂರುವವನಿದ್ದ. ಅಷ್ಟರಲ್ಲಿ ಹೊಗೆಯ ಹಾಗೆ ಡೊಂಕಾಸುರ ಬಂದು ನಿಂತ.

"ಬಿದ್ದದ್ದು ನಿಂತವರ ಸೊತ್ತು, ಬೆಟ್ಟದ ಕಟ್ಟಳೆ! ಇಲ್ಲಿ ನಿಂತಿರೋನು ನಾನೊಬ್ಬನೇ. ನಾಳೆ ಹುಣ್ಣಿಮೆ ಚಂದ್ರ ಮೂಡೋದರೊಳಗೆ ಬಂದು ಬಿಡಿಸ್ಕೋ. ಆಮೇಲೆ ನಿನ್ನ ಗಂಡ ಎಂದೆಂದಿಗೂ ಬೊಂಬೆಯೇ." ಅಂದವನೇ ಸಂಪಂಗಿಯನ್ನು ಮರದ ಬೊಂಬೆ ಮಾಡಿ, ಹೊತ್ತುಕೊಂಡು ಬೆಟ್ಟದ ತುದಿಗೆ ಹೋದ.

ದವನಿ ಅಳುತ್ತಾ ಮನೆಗೆ ಓಡಿ ಬಂದಳು. "ಅತ್ತೇ, ನಾನು ನಗದೇ ಇದ್ದಿದ್ರೆ ಅವರು ಗೊಂಡೆ ಕಟ್ಕೊಳ್ತಿದ್ರು. ಎಲ್ಲಾ ನನ್ನಿಂದಲೇ ಆಯ್ತು!"

ಸುರಗಮ್ಮನ ಕಣ್ಣೂ ತುಂಬಿತು. ಆದರೂ ಅವಳು ತನ್ನ ಚೂರಿ ತೆಗೆದು ಸೊಸೆಯ ಮುಂದೆ ಹಿಡಿದಳು. "ಅಳೋದು ಆಮೇಲೆ ಇಬ್ಬರೂ ಕೂತು ಅಳೋಣ. ಈಗ ಕೈ ಚಾಚು, ತಾಯಿ." ದಾರವನ್ನು ಸೊಸೆಯ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಹಲ್ಲಿನಿಂದ ಕಚ್ಚಿ ಬಿಗಿದಳು.

ಬೆಳಗಾಗುತ್ತಲೇ ದವನಿ ಹೊರಟಳು. ಸಂಪಿಗೆ ಮರ ದಾಟಿದ ಮೇಲೆ ಮೊದಲು ಎದುರಾದದ್ದು ಒಂದು ಹಳ್ಳ. ಅದರಲ್ಲಿ ನೀರಿನ ಬದಲು ಕರಗಿದ ಬೆಣ್ಣೆ ಹರಿಯುತ್ತಿತ್ತು. ದಡದಲ್ಲಿ ಒಂದು ಮುದಿ ಆಮೆಯನ್ನು ಬಳ್ಳಿಯಿಂದ ಬಿಗಿದಿದ್ದರು.

"ಬಳ್ಳಿ ಕೊಯ್ದು ಬಿಡಿಸವ್ವಾ, ಆಚೆ ದಡ ಮುಟ್ಟಿಸ್ತೀನಿ" ಅಂತು ಆಮೆ.

ದವನಿ ಚೂರಿ ಬಿಚ್ಚಿ ಬಳ್ಳಿಗೆ ಇಟ್ಟಳು. ಕೈಯೆಲ್ಲಾ ಬೆಣ್ಣೆ! ಚೂರಿ ಸುಯ್ಯನೆ ಜಾರಿತು. ಹೋಯ್ತು ಅಂದುಕೊಂಡು ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟು ನೋಡಿದರೆ ಚೂರಿ ಮಣಿಕಟ್ಟಿನಲ್ಲಿ ತೂಗಾಡುತ್ತಿತ್ತು, ಕೆಂಪು ಗೊಂಡೆ ಗಾಳಿಗೆ ಕುಣಿಯುತ್ತಿತ್ತು.

"ಅತ್ತೆ ಗೆದ್ರು!" ಅಂತ ನಕ್ಕು, ಬಳ್ಳಿ ಕೊಯ್ದು, ಆಮೆಯ ಬೆನ್ನೇರಿ ಹಳ್ಳ ದಾಟಿದಳು.

ಮುಂದೆ ಹಿಡಿಮುಳ್ಳಿನ ಕಾಡು. ನೇತಾಡುವ ವಸ್ತು ಯಾವುದೇ ಇರಲಿ, ಅಲ್ಲಿನ ಗಿಡಗಳಿಗೆ ಅದೆಂದರೆ ಪ್ರಾಣ. ಸೆರಗು ಕಂಡರೆ ಸೆರಗು, ಜಡೆ ಕಂಡರೆ ಜಡೆ, ಯಾವುದನ್ನೂ ಬಿಡುತ್ತಿರಲಿಲ್ಲ. ದವನಿ ಸೆರಗು ಸಿಕ್ಕಿಸಿ, ಜಡೆ ಸುತ್ತಿ ತುರುಬು ಕಟ್ಟಿ ಒಳಹೊಕ್ಕಳು. ಗೊಂಡೆಯನ್ನೇ ಮರೆತಳು! ಒಂದು ಮುಳ್ಳು ಗಿಡ ಗೊಂಡೆಯನ್ನು ಕಚ್ಚಿಕೊಂಡು ಎಳೆದೇ ಎಳೆಯಿತು. ಮಣಿಕಟ್ಟಿನ ಗಂಟು ಸಡಿಲವಾಗುವುದಿರಲಿ, ಇನ್ನಷ್ಟು ಬಿಗಿಯಿತು. ಕೈ ನೀಲಿಗಟ್ಟಿತು. ಕೊನೆಗೆ ಎಡಗೈಯಲ್ಲಿ ಚೂರಿ ಹಿಡಿದು, ಹಲ್ಲಿನಿಂದ ಅಲಗು ಬಿಚ್ಚಿ, ದಾರವನ್ನೇ ಕಡಿದು ಪಾರಾದಳು. ಗಿಡದ ಹಿಡಿತ ಸಡಿಲವಾದದ್ದೇ ಗೊಂಡೆಯನ್ನೂ ತುಂಡು ದಾರವನ್ನೂ ಕಿತ್ತುಕೊಂಡಳು.

"ಅತ್ತೆ ಸೋತ್ರು" ಅಂತ ಕಾಡಿನಾಚೆಯ ಬಂಡೆಯ ಮೇಲೆ ಕೂತಳು. ಕಟ್ಟಿದರೆ ಹೀಗೆ, ಕಟ್ಟದಿದ್ದರೆ ಹಾಗೆ. ಏನು ಮಾಡುವುದು? ಯೋಚಿಸುತ್ತಾ ಅಭ್ಯಾಸಬಲದಿಂದ ಬೆರಳುಗಳು ತುಂಡು ದಾರಕ್ಕೆ ಗಂಟು ಹಾಕತೊಡಗಿದವು. ನೋಡಿದರೆ, ಅದು ಮಾಲೆ ಕಟ್ಟುವಾಗ ನಾರನ್ನು ಕಂಬಕ್ಕೆ ಸಿಕ್ಕಿಸಲು ಹೂವಾಡಿಗರು ಹಾಕುವ ಗಂಟು! ಎಷ್ಟು ಭಾರ ಜಗ್ಗಿದರೂ ಜಪ್ಪಯ್ಯ ಅನ್ನುವುದಿಲ್ಲ. ಗಂಟಿನ ಬಾಲ ಹಿಡಿದು ಎಳೆದರೆ ಸರಕ್ಕನೆ ಬಿಚ್ಚಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ಹಾಕುತ್ತಿದ್ದ ಗಂಟು. ಅದನ್ನು ಚೂರಿಯ ದಾರಕ್ಕೆ ಹಾಕಬಹುದು ಅಂತ ಮನೆಯಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ!

"ಅಯ್ಯೋ ನನ್ನ ಮಂಕುಬುದ್ಧಿಯೇ!" ಅಂತ ಹಣೆ ಚಚ್ಚಿಕೊಂಡು, ಗೊಂಡೆಯನ್ನು ಬೆರಳುದ್ದಕ್ಕೆ ಕತ್ತರಿಸಿ, ದಾರವನ್ನು ಆ ಗಂಟಿನಿಂದ ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಬೆಟ್ಟದ ತುದಿಗೆ ಏರಿದಳು.

ಅಂಗಳದ ತುಂಬಾ ಬೊಂಬೆಗಳು. ಕೊನೆಯ ಬೊಂಬೆ ಸಂಪಂಗಿ, ಇನ್ನೂ ಚೂರಿ ಹಿಡಿಯಲು ಹೋದ ಹಾಗೆ ಕೈ ಚಾಚಿಕೊಂಡೇ ಇದ್ದ. ದವನಿ ಓಡಿ ಹೋಗಿ ಆ ಕೈ ಹಿಡಿದುಕೊಂಡಳು.

ಡೊಂಕಾಸುರ ನಿಂತೇ ಆಕಳಿಸಿದ. "ಬಂದ್ಯಾ? ಮಡಚಿದ ಚೂರಿ ಅಂಗೈ ಮೇಲಿಟ್ಕೊಂಡು ಚಂದ್ರ ಮೂಡೋತನಕ ನಿಲ್ಲು. ಬೀಳದಿದ್ರೆ ಗಂಡನ್ನ ಕರ್ಕೊಂಡು ಹೋಗು. ಬಿದ್ರೆ ಅವನ ಪಕ್ಕದಲ್ಲಿ ನೀನೂ ಒಂದು ಬೊಂಬೆ."

ದವನಿ ಅಂಗೈ ಚಾಚಿ ನಿಂತಳು. ಮಾಯಾವಿ ಕೆಂಪಿರುವೆಗಳನ್ನು ಬಿಟ್ಟ. ಕಚ್ಚಿದವು, ಅವಳು ಅಲುಗಲಿಲ್ಲ. ಹುಲಿಯಾಗಿ ಗರ್ಜಿಸಿದ. ಅವಳು ಅಲುಗಲಿಲ್ಲ. ಮೂಡಣ ಬೆಳ್ಳಗಾಗತೊಡಗಿತು. ಆಗ ಅವನು ನವಿಲುಗರಿ ತಂದು ಅವಳ ಕಂಕುಳಲ್ಲಿ ಆಡಿಸಿಬಿಟ್ಟ. ನಗುಬುರುಕಿ ದವನಿಗೆ ತಡೆಯಲಾದೀತೇ? ಗೊಳ್ಳನೆ ನಕ್ಕಳು. ಚೂರಿ ಜಾರಿತು.

"ಬಿತ್ತು!" ಅಂತ ಕುಣಿದ ಡೊಂಕಾಸುರ.

"ಎಲ್ಲಿ ಬಿತ್ತು, ಡೊಂಕಣ್ಣಾ? ಕಣ್ಣು ಮಂಜಾಯ್ತಾ?" ಚೂರಿ ಅವಳ ಮಣಿಕಟ್ಟಿನಲ್ಲಿ ಉಯ್ಯಾಲೆಯಾಡುತ್ತಿತ್ತು. "ಬೇಕಿದ್ರೆ ಬೆಟ್ಟವನ್ನೇ ಕೇಳು."

"ಬಿದ್ದಿಲ್ಲ" ಅಂತು ಬೆಟ್ಟ.

ಮಾಯಾವಿಗೆ ಮೈಯೆಲ್ಲಾ ಉರಿಯಿತು. "ಚೂರಿ ಬೀಳದಿದ್ರೆ ನಿನ್ನನ್ನೇ ಬೀಳಿಸ್ತೀನಿ!" ಅಂತ ಎರಡೂ ಕೈಯಿಂದ ಗೊಂಡೆ ಹಿಡಿದು, ಇದ್ದಬದ್ದ ಶಕ್ತಿಯೆಲ್ಲಾ ಹಾಕಿ ಹಿಂದಕ್ಕೆ ಎಳೆದ. ದವನಿ ಕಾಲೂರಿ ನಿಂತಳು. ಅವನು ಪೂರ್ತಿ ಹಿಂದಕ್ಕೆ ವಾಲುವವರೆಗೂ ಕಾದಳು. ಆಮೇಲೆ ಗಂಟಿನ ಬಾಲವನ್ನು ಎಡಗೈಯಿಂದ ಮೆಲ್ಲಗೆ ಎಳೆದಳು.

ಸರಕ್ಕನೆ ಗಂಟು ಬಿಚ್ಚಿತು. ಡೊಂಕಾಸುರ ಗೊಂಡೆಯ ಸಮೇತ ಅಂಗಳಕ್ಕೆ ದಢಾರನೆ ಕುಕ್ಕರಿಸಿದ. ಯಾವ ಕಾಲದಿಂದಲೋ ನೆಲ ಮುಟ್ಟದಿದ್ದ ಕುಂಡಿ ನೆಲ ಮುಟ್ಟಿತು!

"ಬೆಟ್ಟವೇ, ಬಿದ್ದವರು ಯಾರು? ನಿಂತವರು ಯಾರು?" ಕೇಳಿದಳು ದವನಿ.

"ಬಿದ್ದವನು ಡೊಂಕ, ನಿಂತವಳು ದವನಿ. ಅವನೂ ಅವನದ್ದೆಲ್ಲವೂ ನಿನ್ನ ಸೊತ್ತು, ಮಗಳೇ" ಅಂತು ಬೆಟ್ಟ. ಅದಕ್ಕೂ ಅವನ ಕಾಟ ಸಾಕಾಗಿಹೋಗಿತ್ತು.

"ಹಾಗಾದ್ರೆ ಎಲ್ಲರೂ ಎದ್ದು ಮನೆಗೆ ನಡೀರಪ್ಪಾ!" ಅಂದಳು. ಬೊಂಬೆಗಳೆಲ್ಲಾ ಮೈಮುರಿದು ಎದ್ದವು. ಸಂಪಂಗಿ ಎದ್ದವನೇ ಸುತ್ತ ನೋಡಿ, "ನನ್ನ ಚೂರಿ ಸಿಕ್ತಾ?" ಅಂದ. ದವನಿ ಅಳುತ್ತಾ ನಗುತ್ತಾ ಅವನ ತಲೆಗೊಂದು ಮೊಟಕಿದಳು. ಅಷ್ಟರಲ್ಲಿ ಚಂದ್ರ ಮೂಡಿದ.

ಊರಿಗೆ ಊರೇ ಎದುರುಗೊಂಡಿತು. ಸುರಗಮ್ಮ ಮಗನನ್ನು ತಬ್ಬಿಕೊಂಡು ಮನಸಾರೆ ಅತ್ತಳು. ಆಮೇಲೆ ಸೊಸೆಯ ಕಡೆ ತಿರುಗಿ, "ನನ್ನ ಗೇಣುದ್ದದ ಗೊಂಡೆನ ಇಷ್ಟಕ್ಕೆ ಇಳಿಸಿದ್ಯಲ್ಲೇ!" ಅಂತ ಶುರುಮಾಡಿದಳು.

"ಗೊಂಡೆ ನಿಮ್ಮದು, ಗಂಟು ನನ್ನದು ಅತ್ತೆ. ಒಪ್ಕೊಳ್ಳಿ" ಅಂದಳು ದವನಿ. ಸುರಗಮ್ಮ ಗಂಟನ್ನು ಮತ್ತೆಮತ್ತೆ ಹಾಕಿ, ಬಿಚ್ಚಿ ನೋಡಿ ಒಪ್ಪಿಕೊಂಡಳು.

ಅಂದಿನಿಂದ ಪರಿಮಳಪುರದಲ್ಲಿ ದಾರ ಕಡಿಯುವ ಶಾಸ್ತ್ರ ನಿಂತಿತು. ಮದುಮಕ್ಕಳಿಗೆ ಆ ಗಂಟು ಕಲಿಸುವ ಶಾಸ್ತ್ರ ಬಂತು. ರಾಜನ ಚೂರಿಗೂ ಬೆರಳುದ್ದದ ಗೊಂಡೆ ಬಂತು ಅಂದಮೇಲೆ ನಗುವವರು ಯಾರು? ಇನ್ನು ಡೊಂಕಾಸುರ. ದವನಿ ಅವನನ್ನು ಜಗುಲಿಯ ಮೇಲೆ ಕೂರಿಸಿ ಗೊಂಡೆ ಕಟ್ಟುವ ಕೆಲಸಕ್ಕೆ ಹಚ್ಚಿದಳು. "ಅಲ್ಲಮ್ಮಾ, ಕೂರೋದು ಇಷ್ಟು ಸುಖ ಅಂತ ಮೊದಲೇ ಯಾರೂ ಹೇಳಲೇ ಇಲ್ವಲ್ಲ!" ಅನ್ನುತ್ತಾ ಅವನು ಆರಾಮಾಗಿ ಕಾಲು ಚಾಚಿಕೊಂಡ.

ಮತ್ತೆ ಸಂಪಿಗೆ ಹೂ ಬಿಡುವ ಕಾಲ ಬಂತು. ಸಂಪಂಗಿ ಅದೇ ಮರ ಹತ್ತಿದ. ಅದೇ ಕೊಂಬೆಯಲ್ಲಿ ಚೂರಿ ಕೈಜಾರಿ ಮಣಿಕಟ್ಟಿನಲ್ಲಿ ತೂಗಾಡಿತು. ಅವನು ಕೆಳಗೆ ನೋಡಿ ನಕ್ಕ. ನಗುವಾಗ ಇನ್ನೊಂದು ಕೈಯಲ್ಲಿದ್ದ ಸಂಪಿಗೆ ಹೂ ಜಾರಿ, ಕೆಳಗಿದ್ದ ದವನಿಯ ಕಾಲ ಬಳಿ ಬಿತ್ತು. ದವನಿ ಈಗ ಆ ಮರದಡಿ ಕೂರುತ್ತಿರಲಿಲ್ಲ, ನಿಂತೇ ಇರುತ್ತಿದ್ದಳು.

"ಬಿದ್ದದ್ದು ನಿಂತವರ ಸೊತ್ತು!" ಅಂತ ಕೂಗಿ, ಹೂವನ್ನೆತ್ತಿ ಮುಡಿದುಕೊಂಡಳು. ಬೆಟ್ಟ ಹೂಂಗುಟ್ಟಿತು.