ಹಿಟ್ಟು ಉದುರಿಸಿದ ಬಲೆ

ರಜೆಗೆ ಎಲ್ಲಿಗೇ ಹೋದರೂ ಜೇಡ ಹುಡುಕುವುದು ನನ್ನ ಹುಚ್ಚು. ನಂಬುವುದು ಬಿಡುವುದು ನಿಮಗೆ ಸೇರಿದ್ದು, ಇದು ನಡೆದದ್ದು ಮಟಮಟ ಮಧ್ಯಾಹ್ನ.

ನಾವು ಇಳಿದುಕೊಂಡಿದ್ದ ಮನೆಯ ಹಿಂದೆ ಒಂದು ಪಾಳು ಉಗ್ರಾಣವಿತ್ತು. ಅದರ ಬಾಗಿಲಿಲ್ಲದ ಚೌಕಟ್ಟಿಗೆ ಅಡ್ಡಲಾಗಿ ಆಳೆತ್ತರದ ಬಲೆ. ಫೋಟೋದಲ್ಲಿ ಎಳೆಗಳು ಚೆನ್ನಾಗಿ ಕಾಣಲೆಂದು ಅದರ ಮೇಲೆ ಹಿಟ್ಟು ಉದುರಿಸಿ, ಡಬ್ಬಿಯನ್ನು ಹೊಸ್ತಿಲ ಹೊರಗಿಟ್ಟೆ. ಒಂದೆಳೆಯೂ ಹರಿದಿರಲಿಲ್ಲ.

"ರೀ, ಇಲ್ಲೊಂದು ದೊಡ್ಡದಿದೆ, ಬೇಗ ಬನ್ನಿ!"

ಒಳಗಿನಿಂದ ಹೆಂಡತಿಯ ದನಿ. ಜೇಡ ಕಂಡರೆ ಮಾರು ದೂರ ಓಡುವವಳು, ಕಾರಿನಲ್ಲೇ ಕೂತಿರುತ್ತೇನೆ ಎಂದಿದ್ದಳು. ಹಿಂದೆ ಇನ್ನೊಂದು ಬಾಗಿಲಿರಬೇಕು ಎಂದುಕೊಂಡು ಬಲೆ ಹರಿದು ನುಗ್ಗಿದೆ.

ಒಳಗೆ ಬರೀ ನಾಲ್ಕು ಬೋಳು ಗೋಡೆ. ಬೇರೆ ಬಾಗಿಲಿಲ್ಲ, ಕಿಟಕಿಯಿಲ್ಲ, ಅವಳೂ ಇಲ್ಲ. ಅಂಥ ಬಿಸಿಲಲ್ಲೂ ನೆಲ ಕಾಲು ಕೊರೆಯುತ್ತಿತ್ತು. ತಿರುಗಿ ನೋಡಿದರೆ ಬಲೆ ಹಿಟ್ಟಿನ ಸಮೇತ ಹಾಗೇ ಇತ್ತು.

ಹೊರಗೆ ಹೆಂಡತಿ ಕೇಳಿದಳು, "ಮುಗೀತೇನ್ರೀ?"

"ಮುಗೀತು. ಇದನ್ನ ಹಿಡ್ಕೋ."

ಹೊರಗಿನಿಂದಲೇ ಉತ್ತರ ಕೊಟ್ಟದ್ದು ನನ್ನದೇ ದನಿ. ನಾನು ಬಾಯಿ ತೆರೆದಿರಲಿಲ್ಲ.

ಬಲೆಯನ್ನು ಮತ್ತೆ ಹರಿದು ಕಾರಿನತ್ತ ಓಡಿದೆ. ಹೆಂಡತಿ ಒಬ್ಬಳೇ ಕೂತಿದ್ದಳು. ಅವಳ ಮಡಿಲಲ್ಲಿ ಹಿಟ್ಟಿನ ಡಬ್ಬಿ.

"ಇದು ನಿನ್ನ ಹತ್ರ ಹೇಗೆ ಬಂತು?"

"ಒಳ್ಳೆ ಕಥೆ ನಿಮ್ದು! ಈಗ ತಾನೆ ನೀವೇ ಕೊಟ್ಟು, ಕ್ಯಾಮೆರಾ ಮರೆತೆ ಅಂತ ಮತ್ತೆ ಒಳಗೆ ಹೋದ್ರಲ್ಲ?"

ಕ್ಯಾಮೆರಾ ನನ್ನ ಕೊರಳಲ್ಲೇ ಇತ್ತು. ಮೆಲ್ಲಗೆ ಉಗ್ರಾಣದ ಕಡೆ ತಿರುಗಿದೆ. ಬಿಸಿಲಿಗೆ ಬಲೆ ಬೆಳ್ಳಗೆ ಹೊಳೆಯುತ್ತಿತ್ತು. ಒಂದೆಳೆಯೂ ಹರಿದಿರಲಿಲ್ಲ.